ಲಾಂಚು ತಪ್ಪಿದವರ ಪಾವು: ಶರಾವತಿ ಹಿನ್ನೀರಿನ ಒಂದು ಅಡುಗೆಮನೆಯ ವರ್ಷಾಂತ್ಯ

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಒಂದು ಮನೆಯಲ್ಲಿ, ಸಂಜೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಮಂದಿಯ ಲೆಕ್ಕದ ಮೇಲೆ ಒಂದು ಪಾವು ಹೆಚ್ಚಿಗೆ ಹಾಕುವ ರೂಢಿ ಅತ್ತೆಯ ಕಾಲದಿಂದ ನಡೆದುಬಂದಿದೆ. ಆ ಮನೆಯಲ್ಲಿ ಅದಕ್ಕೆ ‘ಲಾಂಚು ತಪ್ಪಿದವರ ಪಾವು’ ಎಂದೇ ಹೆಸರು. ಸಂಜೆಯ ಕೊನೆಯ ಲಾಂಚು ಹೊರಟುಹೋದ ಮೇಲೆ ದಡದಲ್ಲಿ ಉಳಿದವರು ಪರಿಚಿತರಾಗಿರಲಿ, ಅಪರಿಚಿತರಾಗಿರಲಿ, ಯಾವುದಾದರೊಂದು ಮನೆಯ ಜಗುಲಿಯನ್ನು ಹತ್ತಲೇಬೇಕಾಗಿತ್ತು. ಹತ್ತಿದವರಿಗೆ ಊಟವಿಲ್ಲ ಎನ್ನುವಂತಿರಲಿಲ್ಲ.

2025ರ ಡಿಸೆಂಬರ್ ಕೊನೆಯ ವಾರದಲ್ಲಿ ಆ ಮನೆಯ ಗೃಹಿಣಿ ವರ್ಷದ ಲೆಕ್ಕ ನೋಡುತ್ತಿದ್ದಾರೆ. ಅರವತ್ತು ದಾಟಿದ ಅವರು ದಿನಚರಿ ಬರೆಯುವವರಲ್ಲ. ಅಟ್ಟದ ಮೇಲಿನ ಜಾಡಿಗಳೂ ಡಬ್ಬಿಗಳೂ ಅವರ ಕಡತ. ಮಾರ್ಚಿಯಲ್ಲಿ ಉಪ್ಪಿಗೆ ಹಾಕಿದ ಅಪ್ಪೆಮಿಡಿ ಎಷ್ಟು ಉಳಿದಿದೆ, ಮೇ ತಿಂಗಳ ಬಿಸಿಲಿಗೆ ಒಣಗಿಸಿದ ಹಲಸಿನ ಹಪ್ಪಳ ಎಷ್ಟು ಕಟ್ಟು ಖರ್ಚಾಯಿತು ಎಂಬುದರಿಂದ ಯಾರು ಬಂದರು, ಎಷ್ಟು ದಿನ ಉಳಿದರು ಎಂಬುದು ತಿಳಿಯುತ್ತದೆ. ಈ ಸಲ ಆ ಲೆಕ್ಕ ಹೊಂದುತ್ತಿಲ್ಲ. ಬಂದವರ ಸಂಖ್ಯೆ ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು. ಜಾಡಿಗಳು ಮಾತ್ರ ಮುಕ್ಕಾಲು ತುಂಬಿವೆ.

ಈ ವಿಚಿತ್ರಕ್ಕೆ ಕಾರಣ ನೀರಿನ ಚರಿತ್ರೆಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದರ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಸಾಗರ, ಹೊಸನಗರ ಸೀಮೆಯ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು ಆ ನೀರಿನ ಕೆಳಗೆ ಸೇರಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಕಡುಬೇಸಗೆಯಲ್ಲಿ ನೀರು ತೀರ ಇಳಿದಾಗ ಮಾತ್ರ ಅದು ತಲೆಯೆತ್ತುತ್ತದೆ. ಅನೇಕ ಕುಟುಂಬಗಳು ದೂರದ ತಾಲ್ಲೂಕುಗಳಿಗೆ ಹೋದವು. ಕೆಲವು ಕುಟುಂಬಗಳು ನೀರು ಮುಟ್ಟದ ಎತ್ತರಕ್ಕೆ ಸರಿದು ಅಲ್ಲೇ ಉಳಿದವು. ಈ ಗೃಹಿಣಿಯ ಅತ್ತೆ ಅಂಥದೊಂದು ಕುಟುಂಬದ ಎಳೆಯ ಸೊಸೆಯಾಗಿ ಒರಳುಕಲ್ಲನ್ನೂ ಎರಡು ಉಪ್ಪಿನಕಾಯಿ ಭರಣಿಗಳನ್ನೂ ಗಾಡಿಗೆ ಹೇರಿಸಿಕೊಂಡು ದಿಬ್ಬ ಹತ್ತಿದವರು. ಅಪ್ಪೆಮರಗಳು ಹೊಳೆದಂಡೆಯನ್ನು ಮೆಚ್ಚುವ ಮರಗಳು. ಹೊಳೆ ಹಿಗ್ಗಿ ಕೆರೆಯಂತಾದಾಗ ದಂಡೆಯ ಮರಗಳೂ ಹೋದವು. ಪ್ರತಿಯೊಂದು ಮರದ ಮಿಡಿಗೂ ಬೇರೆ ಬೇರೆ ಪರಿಮಳವಿತ್ತು ಎಂದು ಅತ್ತೆ ಹೇಳುತ್ತಿದ್ದರು. ಸೊಸೆ ಆ ಮರಗಳನ್ನು ಕಂಡವರಲ್ಲ. ರಿಪ್ಪನ್‌ಪೇಟೆಯ ಸಂತೆಯಿಂದ ತರಿಸಿದ ಮಿಡಿಯನ್ನು ಮೂಸಿ, ಅತ್ತೆ ಹೇಳಿದ ಪರಿಮಳ ಇದೇ ಇರಬಹುದೇ ಎಂದು ಇಂದಿಗೂ ಅಂದಾಜು ಮಾಡುತ್ತಾರೆ.

ಹೀಗೆ ಉಳಿದವರ ಬದುಕಿಗೆ ಲಾಂಚೇ ಗಡಿಯಾರವಾಯಿತು. ಹೊಳೆಬಾಗಿಲಿನಿಂದ ಲಾಂಚು ಹೊರಟಿತೆಂದರೆ ಇಲ್ಲಿ ಒಲೆಗೆ ಸೌದೆ ಒಟ್ಟಬೇಕು. ‘ಅತಿಥಿ’ ಎಂಬ ಪದಕ್ಕೆ ತಿಥಿಯಿಲ್ಲದೆ ಬರುವವನು ಎಂದು ಅರ್ಥ ಹೇಳುವುದುಂಟು. ಆದರೆ ಹಿನ್ನೀರಿನ ಆಚೆಯ ಅತಿಥಿಗೆ ತಿಥಿ ಮಾತ್ರವಲ್ಲ, ಗಳಿಗೆಯೂ ನಿಶ್ಚಿತವಾಗಿತ್ತು. ಬಂದವರು ರಾತ್ರಿ ಉಳಿಯುವುದೂ ಅಷ್ಟೇ ನಿಶ್ಚಿತ. ಆದ್ದರಿಂದ ಈ ಅಡುಗೆಮನೆಯ ಪಾಕವೆಲ್ಲ ನಿಧಾನದ ಪಾಕ. ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಕಹಿ ಬಿಟ್ಟ ಮೇಲೆ ಪಲ್ಯಕ್ಕೆ ತೆಗೆಯಬೇಕು. ಕೆಸುವಿನೆಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ ಮರುದಿನ ಒಗ್ಗರಣೆ ಬಿದ್ದಾಗಲೇ ಹೆಚ್ಚು ರುಚಿ. ಮಾರನೆಯ ದಿನವೂ ಮನೆಯಲ್ಲಿರುವವರಿಗೆ ಮಾತ್ರ ಇಂಥ ಅಡುಗೆ.

ಕನ್ನಡದಲ್ಲಿ ಪಾಕವನ್ನು ಬರಹಕ್ಕೆ ಇಳಿಸಿದ ಪರಂಪರೆ ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಜಲಶೋಧನೆ, ವೃಕ್ಷಾಯುರ್ವೇದಗಳ ಜೊತೆಗೆ ಸೂಪಶಾಸ್ತ್ರಕ್ಕೂ ಎಡೆ ಕೊಟ್ಟ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿ ಬದನೆ, ಹಲಸು, ಬಾಳೆ, ಕಳಲೆಗಳ ಪಾಕಗಳನ್ನು ವಿವರಿಸಿದ. ಇದೇ ಸಾಗರ ಸೀಮೆಯ ಕೆಳದಿಯಿಂದ ಬೆಳೆದ ಅರಸುಮನೆತನದ ಬಸವಪ್ಪ ನಾಯಕನ ಸಂಸ್ಕೃತ ಕೃತಿ ‘ಶಿವತತ್ತ್ವರತ್ನಾಕರ’ದಲ್ಲಿಯೂ ಅಡುಗೆಯ ವಿಚಾರ ಸೇರಿದೆ. ಮಂಗರಸನ ಕಾಲದ ಕಳಲೆ ಈ ಮನೆಯಲ್ಲಿ ಇಂದಿಗೂ ಬೇಯುತ್ತಿದೆ ಎಂಬುದು ಅಭ್ಯಾಸಿಗಳಿಗೆ ಸಂತೋಷದ ಸಂಗತಿ. ಆದರೆ ಏನನ್ನು, ಹೇಗೆ ಬೇಯಿಸಬೇಕು ಎಂಬುದು ಶಾಸ್ತ್ರದ ವಿಷಯ. ಎಷ್ಟು ಜನಕ್ಕೆ, ಅವರು ಎಷ್ಟು ಹೊತ್ತು ಇರುತ್ತಾರೆ ಎಂಬುದು ಮನೆಯ ವಿಷಯ. ಹೆಚ್ಚಿಗೆ ಹಾಕುವ ಆ ಒಂದು ಪಾವು ಈ ಎರಡನೆಯ ಬಗೆಯ ಜ್ಞಾನಕ್ಕೆ ಸೇರಿದ್ದು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. 2 ಕಿಲೋಮೀಟರಿಗೂ ಉದ್ದವಾದ ಆ ಸೇತುವೆಯನ್ನು ದಾಟಲು ಕಾರಿಗೆ ಕೆಲವೇ ನಿಮಿಷ ಸಾಕು. ಆ ವಾರ ಮನೆಯಲ್ಲಿ ಕಳಲೆ ನೆನೆಯುತ್ತಿತ್ತು. ಬೆಂಗಳೂರಿನ ಮಗ ಹೊಸ ಸೇತುವೆಯ ಮೇಲೆ ಬಂದ, ಮಧ್ಯಾಹ್ನ ಉಂಡ, ಸಂಜೆಯೇ ಹೊರಟ. ಕಳಲೆಗೆ ಇನ್ನೂ ಒಂದು ದಿನ ಬೇಕಾಗಿತ್ತು.

ಅಕ್ಟೋಬರಿನ ಭೂಮಿ ಹುಣ್ಣಿಮೆಯಲ್ಲಿ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಯಿತು. ಫಲ ಹೊತ್ತ ಗದ್ದೆಗೆ ಬಯಕೆಯೂಟ ಬಡಿಸುವ ಹಬ್ಬ ಅದು. ಹಲವು ಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿ, ಕೊಟ್ಟೆಕಡುಬು, ಚೀನಿಕಾಯಿ ಕಡುಬು ಎಲ್ಲವೂ ಬೆಳಗಾಗುವುದರೊಳಗೆ ಬುಟ್ಟಿ ಸೇರಬೇಕು. ಹಿಂದೆ ನಾದಿನಿಯರೂ ಮಗಳೂ ಮುನ್ನಾದಿನದ ಲಾಂಚಿಗೆ ಬಂದು ರಾತ್ರಿಯಿಡೀ ಸೊಪ್ಪು ಸೋಸುತ್ತ, ಕೊಟ್ಟೆ ಕಟ್ಟುತ್ತ, ನಗುತ್ತ, ಒಮ್ಮೊಮ್ಮೆ ಹಳೆಯ ಜಗಳ ತೆಗೆಯುತ್ತ ಎಚ್ಚರವಿರುತ್ತಿದ್ದರು. ಈ ವರ್ಷ ಎಲ್ಲರೂ ನಸುಕಿನಲ್ಲಿ ಕಾರಿನಿಂದ ಇಳಿದರು. ಅಷ್ಟರಲ್ಲಿ ಕಡುಬು ಬೆಂದಿತ್ತು. ಉಣ್ಣುವವರು ಎಂದಿಗಿಂತ ಹೆಚ್ಚಿದ್ದರು, ಆದರೆ ರಾತ್ರಿ ಸೊಪ್ಪು ಸೋಸಲು ಇದ್ದವರು ಗೃಹಿಣಿಯೊಬ್ಬರೇ. “ಮುಂದಿನ ಸಲ ಇಷ್ಟೆಲ್ಲ ಮಾಡ್ಬೇಡ ಅಮ್ಮ, ಸಾಗರದಿಂದ ತಂದ್ರಾಯ್ತು” ಎಂದಳು ಮಗಳು. ಅದು ಅಕ್ಕರೆಯ ಮಾತೇ. ತಾಯಿ ಉತ್ತರಿಸಲಿಲ್ಲ.

ಹಾಗೆಂದು ಸೇತುವೆಯ ವಿರುದ್ಧ ಅವರ ಬಾಯಿಂದ ಒಂದು ಮಾತೂ ಹೊರಟಿಲ್ಲ. ಹೊರಡುವುದೂ ಇಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿ ಅತ್ತೆಗೆ ಎದೆನೋವು ಬಂದಿತ್ತು. ರಸ್ತೆಯ ಸುತ್ತುದಾರಿ ಬಹುದೂರ, ಎದುರಿಗೆ ಕತ್ತಲ ನೀರು. ಸೊಸೆ ಬಿಸಿನೀರು ಕಾಯಿಸುತ್ತ, ಪಾದ ತಿಕ್ಕುತ್ತ ಬೆಳಗಿನ ಲಾಂಚಿಗೆ ಕಾದರು. ಲಾಂಚು ಹೊರಡುವ ಹೊತ್ತಿಗೆ ಅತ್ತೆಗೆ ಅದರ ಅಗತ್ಯ ಉಳಿದಿರಲಿಲ್ಲ. ಅತಿಥಿಯನ್ನು ರಾತ್ರಿ ಉಳಿಸಿಕೊಂಡ ನೀರೇ ಅತ್ತೆಯನ್ನೂ ಹೋಗಗೊಡಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಅವರು ಒಪ್ಪುವುದಿಲ್ಲ. ಒಂದು ಜೀವದ ಮಾತು, ಇನ್ನೊಂದು ಊಟದ ಮಾತು. ಆದರೂ ಊಟದ ಮಾತು ಇಲ್ಲವಾಗುವುದಿಲ್ಲ.

ಜುಲೈಯಿಂದ ಈಚೆಗೆ ಆ ಪಾವಕ್ಕಿಯ ಅನ್ನ ಹೆಚ್ಚಿನ ರಾತ್ರಿಗಳಲ್ಲಿ ಉಳಿಯುತ್ತಿದೆ. ಬೆಳಿಗ್ಗೆ ಅದನ್ನು ಅಕ್ಕಿಹಿಟ್ಟಿಗೆ ನಾದಿ ರೊಟ್ಟಿ ತಟ್ಟುತ್ತಾರೆ. ರೊಟ್ಟಿ ಮೆತ್ತಗಾಗುತ್ತದೆ, ಅನ್ನ ಹಾಳಾಗುವುದಿಲ್ಲ. “ಇನ್ನು ಯಾರಿಗೆ ಲಾಂಚು ತಪ್ಪುತ್ತೆ ಮಾರಾಯ್ತಿ?” ಎಂದು ಗಂಡ ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಹೊಸ ವರ್ಷದಿಂದ ಆ ಪಾವನ್ನು ನಿಲ್ಲಿಸಿಬಿಡೋಣ ಎಂದು ಡಿಸೆಂಬರ್ ಮೊದಲ ವಾರದಲ್ಲಿ ಅವರು ಮನಸ್ಸಿನಲ್ಲೇ ತೀರ್ಮಾನಿಸಿಯೂ ಇದ್ದರು.

ಕ್ರಿಸ್‌ಮಸ್ ರಜೆಯ ಒಂದು ರಾತ್ರಿ ಎಂಟೂವರೆಗೆ ಅಂಗಳದಲ್ಲಿ ಕಾರಿನ ಬೆಳಕು ಬಿತ್ತು. ಶಿವಮೊಗ್ಗದಿಂದ ಮಗಳು, ಅಳಿಯ, ಇಬ್ಬರು ಮಕ್ಕಳು. ಸಿಗಂದೂರಿಗೆ ಬಂದವರು ಹೇಳದೆ ಕೇಳದೆ ಇಲ್ಲಿಗೆ ತಿರುಗಿದ್ದರು. ಆ ಹೊತ್ತಿನಲ್ಲಿ ಆಚೆ ದಡದವರು ಈ ಜಗುಲಿ ಹತ್ತಿದ್ದನ್ನು ಗೃಹಿಣಿ ತಮ್ಮ ಮದುವೆಯಾದಂದಿನಿಂದ ಕಂಡಿರಲಿಲ್ಲ. “ಊಟ ಏನೂ ಬೇಡ ಅಮ್ಮ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ” ಎಂದಳು ಮಗಳು. ಅಷ್ಟರಲ್ಲಿ ಬಾಳೆಲೆ ಹಾಸಿಯಾಗಿತ್ತು. ಆ ಪಾವಿನ ಅನ್ನ, ಮಜ್ಜಿಗೆ ತಂಬುಳಿ, ಮಾರ್ಚಿಯ ಮಿಡಿ, ಸುಟ್ಟ ಹಪ್ಪಳ. ಮಕ್ಕಳಿಬ್ಬರೂ ಎರಡನೆಯ ಸಲ ಬಡಿಸಿಕೊಂಡರು. ದೊಡ್ಡವಳು ಮಿಡಿಯ ತೊಟ್ಟು ಹಿಡಿದು ಚೀಪುತ್ತ, ಇದನ್ನು ಮಾಡುವುದು ಹೇಗೆ ಎಂದು ಕೇಳಿದಳು. “ಮಾರ್ಚಿಯಲ್ಲಿ ಬಾ. ಒಂದು ರಾತ್ರಿ ಉಳಿದ್ರೆ ತೋರಿಸ್ತೀನಿ” ಎಂದರು ಅಜ್ಜಿ.

ಹತ್ತು ಗಂಟೆಗೆ ಕಾರು ಹೊರಟಿತು. ಅನ್ನದ ತಪ್ಪಲೆಯ ತಳದಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ರೊಟ್ಟಿಗೆ ಬರೀ ಹಿಟ್ಟನ್ನೇ ನಾದಬೇಕಾಯಿತು. ಅಂದು ಸಂಜೆ ಅವರು ಮನೆಯ ಇಬ್ಬರ ಲೆಕ್ಕಕ್ಕೆ ಅಕ್ಕಿ ಅಳೆದು, ಮೇಲೆ ಒಂದು ಪಾವು ಹಾಕಿದರು. ಗಂಡ ಈ ಸಲ ಏನೂ ಕೇಳಲಿಲ್ಲ.