ಜಾಳದ ನೆರಳಿನಲ್ಲಿ

ದೆಹಲಿ ಮೆಟ್ರೋದ ಹಸಿರು ಮಾರ್ಗ ಹರಿಯಾಣದ ಬಹಾದುರ್‌ಗಢದಲ್ಲಿ ಮುಗಿಯುತ್ತದೆ. ಮೇ ತಿಂಗಳ ಕೊನೆ, ಬೆಳಗಿನ ಹನ್ನೊಂದಕ್ಕೇ ‘ಲೂ’ ಗಾಳಿ ಮುಖಕ್ಕೆ ಕೆಂಡದ ಬೂದಿ ಎರಚಿದಂತೆ ಬೀಸುತ್ತಿತ್ತು. ಝಜ್ಜರ್ ಕಡೆಯ ಬಸ್ಸು ಹತ್ತಿದವನು ನಿದ್ದೆ ಹೋಗಿ, ಇಳಿಯಬೇಕಾದ ಹಳ್ಳಿಯನ್ನು ದಾಟಿಬಿಟ್ಟೆ. ವಾಪಸ್ಸು ನಡೆಯುವಾಗ ರಸ್ತೆ ಬದಿಯ ಜೋಹಡ್, ಅಂದರೆ ಊರ ಕೆರೆ, ಕಣ್ಣಿಗೆ ಬಿತ್ತು. ಅದರ ಏರಿಯ ಮೇಲೆ ನಾನು ಹುಡುಕಿ ಬಂದದ್ದೇ ನಿಂತಿತ್ತು.

ಮರವೆನ್ನಲೋ ಪೊದೆಯೆನ್ನಲೋ ತಿಳಿಯದು. ಕಾಂಡ ಹಗ್ಗದಂತೆ ಹೊಸೆದುಕೊಂಡು ಅರ್ಧ ಮಲಗಿದೆ, ಕೊಂಬೆಗಳು ನೆಲ ಗುಡಿಸುತ್ತಿವೆ. ಒಳಗೆ ಹುಕ್ಕಾ ಸೇದುತ್ತ ಮೂವರು ಮುದುಕರು. ಹೆಸರು ಕೇಳಿದೆ. “ಜಾಳ್” ಎಂದರು. ವಾರದಿಂದ ದೆಹಲಿಯ ಹಿಂದಿಯಲ್ಲಿ ಕಾಣೆಯಾಗಿದ್ದ ನಮ್ಮ ‘ಳ’ಕಾರ ಇಲ್ಲಿ ಹೀಗೆ ಸಿಕ್ಕಿತು!

ಜಾಳದಲ್ಲಿ ಎರಡು ಬಗೆ: ಮೀಠಾ, ಖಾರಾ. ಕಿರಿದಾದ ಬೂದುಹಸಿರು ಎಲೆಯ ಮೀಠಾ ಜಾಳ ಸಾಲ್ವಡೋರಾ ಓಲಿಯಾಯ್ಡಿಸ್. ಅಗಲ ಎಲೆಯದು ಸಾಲ್ವಡೋರಾ ಪರ್ಸಿಕಾ, ಮುಸಲ್ಮಾನರು ಹಲ್ಲುಜ್ಜುವ ಮಿಸ್ವಾಕ್. ‘ಖಾರಾ’ ಎಂದರೆ ಅವರಿಗೆ ಸವುಳು, ನನಗೆ ಮೆಣಸಿನಕಾಯಿ. ಚೌಳು ನೆಲವನ್ನೂ ತಾಳಿಕೊಳ್ಳುವ, ಅಗಿದರೆ ಚುರುಗುಟ್ಟುವ ಈ ಗಿಡಕ್ಕೆ ಎರಡೂ ಅರ್ಥ ಸಲ್ಲುತ್ತವೆ. ಕನ್ನಡದ ಮೂಲಿಕೆ ಪುಸ್ತಕಗಳು ಇದನ್ನು ಗೋಣಿಮರ ಎನ್ನುತ್ತವೆ. ನಾನು ಕಂಡ ಗೋಣಿಮರ ಆಲದ ಕುಲದ್ದು, ಆ ಹೆಸರನ್ನು ಇದಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಇದರ ಸಂಸ್ಕೃತ ಹೆಸರು ‘ಪೀಲು’ ಇರಲಿ. ಕರ್ಣಪರ್ವದಲ್ಲಿ ಕರ್ಣ ಶಲ್ಯನ ಸೀಮೆಯನ್ನು ಹಳಿಯುವಾಗ ಶಮಿ, ಪೀಲು, ಕರೀರಗಳ ಕಾಡು ಬರುತ್ತದೆ. ಆ ಮೂರೂ ಈ ಬಯಲಲ್ಲಿ ಇನ್ನೂ ಇವೆ.

ಸಾಲ್ವಡೋರೇಸೀ ಪುಟ್ಟ ಕುಟುಂಬ. ಸಾಲ್ವಡೋರಾ, ಅಜೀಮಾ, ಡೊಬೆರಾ ಎಂಬ ಮೂರೇ ಕುಲಗಳು, ಒಟ್ಟು ಹನ್ನೆರಡರ ಆಸುಪಾಸು ಪ್ರಭೇದಗಳು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಗೆಣ್ಣಿಗೆ ನಾಲ್ಕು ಮುಳ್ಳು ಚಾಚುವ ಅಜೀಮಾ ಟೆಟ್ರಕಾಂತ ಇದರ ದಾಯಾದಿ. ಇಷ್ಟು ಚಿಕ್ಕ ಸಂಸಾರಕ್ಕೆ ಮನೆ ಹುಡುಕಲು ಪಂಡಿತರು ಪಟ್ಟ ಪಾಡು ಕಡಿಮೆಯಲ್ಲ. ಬಾರ್ಸಿಲೋನಾದ ಔಷಧಿಕಾರ ಸಾಲ್ವಡೋರ್‌ನ ಹೆಸರು ಹೊತ್ತ ಕುಲವನ್ನು ಲಿನೇಯಸ್ 1753ರಲ್ಲಿ ದಾಖಲಿಸಿದ. ಎದುರುಬದುರು ಎಲೆ, ನಾಲ್ಕು ದಳದ ಪುಟ್ಟ ಹೂ ಕಂಡು ಬೆಂಥಮ್ ಮತ್ತು ಹೂಕರ್ ಇವನ್ನು ಮಲ್ಲಿಗೆ, ಆಲಿವ್‌ಗಳ ನೆರೆಯಲ್ಲಿಟ್ಟರು. ಓಲಿಯಾಯ್ಡಿಸ್ ಎಂದರೂ ಆಲಿವ್‌ನಂಥದ್ದು ಎಂದೇ. ಕ್ರಾಂಕ್ವಿಸ್ಟ್ ಅಲ್ಲಿಂದ ಎಬ್ಬಿಸಿ ಜ್ಯೋತಿಷ್ಮತಿಯ ಬಳಗಕ್ಕೆ ಕಳಿಸಿದರು.

ಮುದುಕರಲ್ಲೊಬ್ಬರು ಹಳದಿ ಹಣ್ಣು ಕಿತ್ತುಕೊಟ್ಟರು. ಒಂದೊಂದೇ ತಿನ್ನಬೇಡ, ನಾಲಿಗೆ ಸುಡುತ್ತದೆ, ಮುಷ್ಟಿ ತುಂಬ ಬಾಯಿಗೆ ಹಾಕು ಎಂದರು. ನಾನು ಹಟಕ್ಕೆ ಒಂದನ್ನೇ ಕಚ್ಚಿದೆ. ಮೊದಲು ಸಿಹಿ, ಹಿಂದೆಯೇ ಸಾಸಿವೆ ಅರೆದಂಥ ಚುರುಕು. ಅವರು ಕೆಮ್ಮುವಷ್ಟು ನಕ್ಕರು.

ಗುಟ್ಟು ಆ ಚುರುಕಿನಲ್ಲೇ ಇತ್ತು. ಎಲೆ ಜಜ್ಜಿದಾಗ ಗ್ಲೂಕೋಸಿನೊಲೇಟ್ ಒಡೆದು ಘಾಟೆಣ್ಣೆ ಹುಟ್ಟುತ್ತದೆ. ಸಾಸಿವೆ ಮಾಡುವುದೂ ಇದನ್ನೇ. ಈ ರಸಾಯನವನ್ನು ಹಿಡಿದು ಡಾಲ್‌ಗ್ರೆನ್ 1975ರಲ್ಲಿ ಬೇರೆ ನಂಟು ಸೂಚಿಸಿದರು, ಡಿಎನ್‌ಎ ಅದಕ್ಕೆ ಸಾಕ್ಷಿ ನುಡಿಯಿತು. 1998ರಲ್ಲಿ ಎಪಿಜಿ ಎಂಬ ಸಸ್ಯವಿಜ್ಞಾನಿಗಳ ಗುಂಪಿನ ವರ್ಗೀಕರಣದಲ್ಲಿ ಪೀಲು ಬ್ರಾಸಿಕೇಲ್ಸ್ ಗಣದಲ್ಲಿ ಕೂತಿತು, ಸಾಸಿವೆ, ನುಗ್ಗೆ, ಪರಂಗಿ, ಕರೀರಗಳ ಪಂಕ್ತಿಯಲ್ಲಿ.

ಏರಿಯ ಮೇಲೆ ಕೇಸರಿ ಬಣ್ಣದ ಪುಟ್ಟ ಚಿಟ್ಟೆಯೊಂದು ಎಳೆ ಚಿಗುರನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಕೊಲೋಟಿಸ್ ಅಮಾಟಾ. ಇದರ ಮರಿಹುಳು ತಿನ್ನುವುದು ಸಾಲ್ವಡೋರಾ ಮತ್ತು ಅಜೀಮಾದ ಎಲೆ. ಇದರ ಹತ್ತಿರದ ನೆಂಟರು ಕರೀರದ ಕುಟುಂಬದ ಮೇಲೆ ಮೊಟ್ಟೆಯಿಡುತ್ತಾರೆ. ಕ್ರಾಂಕ್ವಿಸ್ಟ್ ಈ ಚಿಟ್ಟೆಯನ್ನು ಕೇಳಬಹುದಿತ್ತು.

ರಾತ್ರಿ ದ್ವಾರಕಾದ ಗೆಳೆಯನ ಮನೆಯಲ್ಲಿ ಪರಂಗಿ ಹಣ್ಣು ಹೆಚ್ಚುತ್ತಿದ್ದರು. ಕಸಕ್ಕೆ ಹಾಕಿದ ಬೀಜಗಳಲ್ಲಿ ನಾಲ್ಕನ್ನು ತೊಳೆದು ಅಗಿದೆ. ಅದೇ ಚುರುಕು. ಗೆಳೆಯನ ಹೆಂಡತಿ ಏನೂ ಹೇಳದೆ ಮೊಸರನ್ನದ ಪಾತ್ರೆಯನ್ನು ನನ್ನತ್ತ ಸರಿಸಿದರು.