ಕ್ರೌಂಚಪರ್ವತದ ಕಾರ್ತಿಕಸ್ವಾಮಿ

ಹಿಮವತ್ಕೇದಾರವೆಂಬುದು ನಮ್ಮ ಸಮಾಜದ ಮನೆಮನೆಗೂ ಪರಿಚಿತವಾದ ಹೆಸರು. ಪಂಚಪೀಠಗಳಲ್ಲೊಂದಾದ ಆ ಪೀಠದ ಜಗದ್ಗುರುಗಳೇ ಕೇದಾರನಾಥನ ರಾವಲರು. ಅವರ ಅಪ್ಪಣೆಯಂತೆ ಅಲ್ಲಿ ಪೂಜೆ ನಡೆಸುವ ಅರ್ಚಕರೂ ಕರ್ನಾಟಕದ ಕಡೆಯ ಜಂಗಮ ಮನೆತನಗಳಿಂದ ಹೋದವರು. ಆದಕಾರಣ ನಮ್ಮ ಭಕ್ತಾದಿಗಳು ಹಿಮಾಲಯಕ್ಕೆ ಹೊರಟರೆಂದರೆ ಕೇದಾರದ ದರ್ಶನ ಮುಗಿಸಿ, ಅನುಕೂಲವಾದರೆ ಬದರಿಯನ್ನೂ ಕಂಡು ಹಿಂದಿರುಗುವುದು ವಾಡಿಕೆ. ಅದೇ ರುದ್ರಪ್ರಯಾಗ ಜಿಲ್ಲೆಯಲ್ಲಿ, ದಟ್ಟ ಕಾಡಿನ ನಡುವೆ ಮೂರು ಕಿಲೋಮೀಟರು ನಡೆದರೆ ಸಿಗುವ ಇನ್ನೊಂದು ಪುಣ್ಯಸ್ಥಳವಿದೆಯೆಂಬುದು ಬಹುಮಂದಿಗೆ ತಿಳಿಯದು. ಅದೇ ಕ್ರೌಂಚಪರ್ವತ, ಅದರ ನೆತ್ತಿಯ ಮೇಲಿರುವವನು ಶಿವನ ಮಗನಾದ ಕಾರ್ತಿಕಸ್ವಾಮಿ.

2022ರ ಏಪ್ರಿಲ್ ಮೊದಲ ವಾರದಲ್ಲಿ ನಾವು ಹದಿನಾಲ್ಕು ಮಂದಿ ಈ ಯಾತ್ರೆ ಕೈಗೊಂಡೆವು. ಹೆಚ್ಚಿನವರು ಅರವತ್ತು ದಾಟಿದವರು. ಕೇದಾರದ ಬಾಗಿಲು ಆಗ ಇನ್ನೂ ತೆರೆದಿರಲಿಲ್ಲ. ದೀಪಾವಳಿಯ ಬಳಿಕ ದೇವರ ಡೋಲಿ ಕೆಳಗಿಳಿದು ಉಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಬರುತ್ತದೆ. ಚಳಿಗಾಲದ ಆರು ತಿಂಗಳ ಪೂಜೆ ಅಲ್ಲಿಯೇ ಸಲ್ಲುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ಸಾರುತ್ತಾರೆ. ಮೇಲಿನ ಹಿಮದ ಹಾದಿಯನ್ನು ಏರಲಾರದ ವೃದ್ಧರಿಗೆ ಉಖೀಮಠದ ದರ್ಶನವೇ ಕೇದಾರದರ್ಶನವೆಂದು ತಿಳಿದು ನಾವು ಆ ಕಾಲವನ್ನೇ ಆರಿಸಿಕೊಂಡಿದ್ದೆವು.

ಹೃಷೀಕೇಶದಿಂದ ರುದ್ರಪ್ರಯಾಗಕ್ಕೆ ಸುಮಾರು 140 ಕಿಲೋಮೀಟರು. ನಡುವೆ ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುತ್ತವೆ. ರುದ್ರಪ್ರಯಾಗದಲ್ಲಿ ಕೇದಾರದಿಂದ ಇಳಿದುಬಂದ ಮಂದಾಕಿನಿ ಅಲಕನಂದೆಯನ್ನು ಸೇರುತ್ತಾಳೆ. 2013ರ ಜೂನ್ 16 ಮತ್ತು 17ರಂದು ಉಕ್ಕಿ ಬಂದು ಸಾವಿರಾರು ಯಾತ್ರಿಕರ ಪ್ರಾಣವನ್ನು ಒಯ್ದ ನದಿ ಇದೇ ಎಂಬುದು, ಶಾಂತವಾಗಿ ಹರಿಯುವ ಆ ನೀರನ್ನು ನೋಡಿದಾಗ ನಂಬಲಾಗದ ಮಾತಾಗಿ ತೋರಿತು. ಇನ್ನೊಂದು ಕಾಲದಲ್ಲಿ ಈ ಊರಿನ ಹೆಸರೇ ಯಾತ್ರಿಕರ ಎದೆ ನಡುಗಿಸುತ್ತಿತ್ತು. 1918ರಿಂದ ಎಂಟು ವರ್ಷ ಒಂದು ಚಿರತೆ ಈ ಯಾತ್ರಾಮಾರ್ಗದಲ್ಲಿ 125ಕ್ಕೂ ಹೆಚ್ಚು ಜನರನ್ನು ಕೊಂದಿತು. 1926ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಕೊಂದರು. ಆ ವೃತ್ತಾಂತವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ನಮ್ಮ ವಾಚಕರಲ್ಲಿ ಹಲವರಿಗೆ ಅದು ತಿಳಿದದ್ದೇ. ಇಂದು ಮೋಟಾರಿನಲ್ಲಿ ಕುಳಿತು ಒಂದೇ ದಿನದಲ್ಲಿ ಕ್ರಮಿಸುವ ದಾರಿಯನ್ನು ನಮ್ಮ ಹಿರಿಯರು ಇಂತಹ ಭಯದ ನಡುವೆ ಕಾಲ್ನಡೆಯಲ್ಲಿ ಕ್ರಮಿಸಿದರೆಂಬುದನ್ನು ನೆನೆಯದೆ ಮುಂದೆ ಹೋಗುವುದು ತರವಲ್ಲ.

ಉಖೀಮಠದಲ್ಲಿ ಒಂದು ದಿನ ತಂಗಿ, ರುದ್ರಪ್ರಯಾಗಕ್ಕೆ ಮರಳಿ, ಅಲ್ಲಿಂದ ಪೋಖರಿಯ ದಾರಿ ಹಿಡಿದು ಸುಮಾರು 40 ಕಿಲೋಮೀಟರು ಸಾಗಿ ಕನಕಚೌರಿ ಎಂಬ ಸಣ್ಣ ಹಳ್ಳಿಯನ್ನು ಸಾಯಂಕಾಲಕ್ಕೆ ತಲುಪಿದೆವು. ದೇವಾಲಯಕ್ಕೆ ಹೋಗುವವರು ವಾಹನವನ್ನು ಅಲ್ಲಿಯೇ ಬಿಡಬೇಕು. ಬೆಟ್ಟ ಹತ್ತಬೇಕಾದುದು ಮರುದಿನ ಬೆಳಗಿನ ಜಾವ.

ರಾತ್ರಿ ಪ್ರಸಾದವಾದ ಮೇಲೆ ನಮ್ಮೊಡನೆ ಬಂದಿದ್ದ ಒಬ್ಬ ತರುಣ ಇಂಜಿನಿಯರು ಒಂದು ಪ್ರಶ್ನೆಯನ್ನೆತ್ತಿದರು. "ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವವರು ನಾವು. ದೇವರು ಅಂಗೈಯಲ್ಲಿರುವಾಗ ಹತ್ತು ಸಾವಿರ ಅಡಿ ಎತ್ತರದ ಬೆಟ್ಟವನ್ನು ಹತ್ತುವುದೇತಕ್ಕೆ?" ಪ್ರಶ್ನೆ ಯುಕ್ತವಾದದ್ದು. ತೀರ್ಥಕ್ಷೇತ್ರಗಳ ಹಂಗನ್ನು ಕಳಚಿದ ಶರಣರ ಪರಂಪರೆಯಲ್ಲಿ ಬೆಳೆದವರು ಈ ಪ್ರಶ್ನೆಯನ್ನು ಕೇಳದಿದ್ದರೇ ಆಶ್ಚರ್ಯ. "ನಾಳೆ ನಡೆಯುವಾಗ ಯೋಚಿಸೋಣ" ಎಂದು ನಾವು ಮಲಗಿದೆವು.

ಬೆಳಗಿನ ನಾಲ್ಕು ಗಂಟೆಗೆ ಎದ್ದು, ಕೈ ಮರಗಟ್ಟಿಸುವ ಚಳಿಯಲ್ಲಿಯೇ ಲಿಂಗಪೂಜೆ ಪೂರೈಸಿಕೊಂಡು, ಕೈದೀಪ ಹಿಡಿದು ಹೊರಟೆವು. ದಾರಿ ಕಡಿದಾದುದಲ್ಲ. ಬೆಟ್ಟದ ಏಣಿನ ಗುಂಟ ಸಾಗುವ ಕಾಲುದಾರಿಯದು. ಕೆಲವೆಡೆ ಕಲ್ಲು ಹಾಸಿದೆ, ಕೆಲವೆಡೆ ಬರಿಯ ಮಣ್ಣು. ಅರ್ಧ ಗಂಟೆಯ ಮೇಲೆ ಬೆಳಕು ಮೂಡತೊಡಗಿ ನಾವು ಎಂತಹ ವನದ ನಡುವೆ ಇದ್ದೇವೆಂಬುದು ಕಂಡಿತು. ಎರಡೂ ಕಡೆ ಬಾಂಜ್ ಎಂದು ಅಲ್ಲಿಯವರು ಕರೆಯುವ ಓಕ್ ಮರಗಳು; ಕಾಂಡದ ತುಂಬ ಹಸುರು ಪಾಚಿ. ಅವುಗಳ ನಡುವೆ ಬುರಾಂಶ್ ಮರಗಳು ಎಲೆಗಿಂತ ಹೂವೇ ಹೆಚ್ಚೆಂಬಂತೆ ಕೆಂಪಗೆ ಅರಳಿ ನಿಂತಿದ್ದವು. ಉತ್ತರಾಖಂಡವು ತನ್ನ ರಾಜ್ಯವೃಕ್ಷವೆಂದು ಆರಿಸಿಕೊಂಡಿರುವುದು ಈ ಬುರಾಂಶವನ್ನೇ. ಉದುರಿದ ಹೂಗಳು ದಾರಿಯ ಮೇಲೆ ಹಾಸಿದ್ದವು. ತುಳಿಯಲು ಮನಸ್ಸಾಗದೆ ನಮ್ಮ ತಂಡದ ತಾಯಂದಿರು ಬದಿಗೆ ಸರಿದು ನಡೆಯುತ್ತಿದ್ದರು.

ಈ ಬಾಂಜ್ ಮರದ ಮಹಿಮೆಯನ್ನು ಎರಡು ಮಾತಿನಲ್ಲಿ ಹೇಳಲೇಬೇಕು. ಅದರ ಎಲೆ ಉದುರಿ ಕೊಳೆತು ನೆಲದ ಮೇಲೆ ದಪ್ಪನೆಯ ಹಾಸಾಗುತ್ತದೆ. ಮಳೆನೀರು ಆ ಹಾಸಿನಲ್ಲಿ ನಿಂತು, ಮೆಲ್ಲನೆ ಒಳಗಿಳಿದು, ಕೆಳಗಿನ ಹಳ್ಳಿಗಳ ಒರತೆಗಳಲ್ಲಿ ಬೇಸಿಗೆಯಲ್ಲಿಯೂ ಚಿಮ್ಮುತ್ತದೆ. ಇನ್ನೂ ಕೆಳಗಿನ ಇಳಿಜಾರುಗಳಲ್ಲಿ ಬೆಳೆಯುವ ಚೀಡ್ ಎಂಬ ಪೈನ್ ಜಾತಿಯ ಮರದ ಗುಣ ಬೇರೆ. ಅದರ ಸೂಜಿಯಂತಹ ಎಲೆ ರಾಳದಿಂದ ಕೂಡಿದ್ದು ಬೇಸಿಗೆಯಲ್ಲಿ ಕಿಡಿ ತಗುಲಿದರೆ ಬೆಟ್ಟವೇ ಹೊತ್ತಿ ಉರಿಯುತ್ತದೆ. ಬಾಂಜ್ ಕಡಿದುಹೋದಲ್ಲಿ ಒರತೆ ಬತ್ತುವುದೆಂಬುದನ್ನು ಅಲ್ಲಿಯ ಹೆಣ್ಣುಮಕ್ಕಳು ಕೊಡ ಹೊತ್ತ ತಲೆಯಿಂದಲೇ ಕಲಿತವರು. ಅಂತೆಯೇ 1973ರಲ್ಲಿ ಚಮೋಲಿಯ ಮಂಡಲ್ ಗ್ರಾಮದಲ್ಲಿಯೂ, ಅದೇ ವರ್ಷ ಕೇದಾರದ ದಾರಿಯ ಫಾಟಾ ಕಾಡಿನಲ್ಲಿಯೂ ಮರ ಕಡಿಯುವುದಕ್ಕೆ ಜನರು ಅಡ್ಡ ನಿಂತರು. 1974ರಲ್ಲಿ ರೈಣಿ ಗ್ರಾಮದ ಗೌರಾದೇವಿಯೂ ಆಕೆಯ ಒಡನಾಡಿಗಳೂ ಕೊಡಲಿಗಳನ್ನು ಹಿಂದಕ್ಕೆ ಕಳಿಸಿದರು. ಅದೇ ಚಿಪ್ಕೋ ಚಳವಳಿ. ಅದರ ಪ್ರೇರಣೆಯಿಂದ 1983ರಲ್ಲಿ ನಮ್ಮ ಶಿರಸಿಯ ಸಲ್ಕಣಿಯಲ್ಲಿ ಅಪ್ಪಿಕೋ ಹುಟ್ಟಿತು. ಗಢವಾಲದ ಮಾತು ಕನ್ನಡದಲ್ಲಿ ಮೊಳೆತದ್ದು ಹೀಗೆ.

ಅರ್ಧ ದಾರಿಯಲ್ಲಿ ಎಲ್ಲರೂ ದಣಿವಾರಿಸಿಕೊಳ್ಳಲು ಕುಳಿತರು. ಸ್ಥಳದ ಕಥೆಯನ್ನು ಹೇಳಬೇಕೆಂದು ಕೇಳಿದ್ದರಿಂದ ನಾವು ಹೇಳತೊಡಗಿದೆವು. ಮೊದಲು ಲೋಕವನ್ನು ಸುತ್ತಿ ಬಂದವನಿಗೆ ಮೊದಲ ಮನ್ನಣೆಯೆಂದು ಶಿವಪಾರ್ವತಿಯರು ಇಬ್ಬರು ಮಕ್ಕಳಿಗೆ ಹೇಳಿದರು. ಕುಮಾರನು ಹೊರಟೇಬಿಟ್ಟನು. ಗಣಪತಿಯು ತಂದೆತಾಯಿಗಳನ್ನೇ ಸುತ್ತಿ, ನನ್ನ ಲೋಕ ನೀವೇ ಎಂದು ನಿಂತನು. ಅವನಿಗೆ ಗೆಲುವಾಯಿತು. ಭೂಮಂಡಲವನ್ನೆಲ್ಲ ಸುತ್ತಿ ಬಂದ ಕುಮಾರನು ಇದನ್ನು ಕೇಳಿ ನೊಂದು ಮನೆಬಿಟ್ಟು ಕ್ರೌಂಚಪರ್ವತಕ್ಕೆ ನಡೆದನು. ಮಾಂಸವನ್ನು ತಾಯಿಗೂ ಅಸ್ಥಿಯನ್ನು ತಂದೆಗೂ ಒಪ್ಪಿಸಿ ಇಲ್ಲಿ ತಪಸ್ಸಿಗೆ ನಿಂತನೆಂದು ಗಢವಾಲದವರು ನಂಬುತ್ತಾರೆ. ತಮಿಳುನಾಡಿನ ಪಳನಿಯಲ್ಲಿಯೂ ಇದೇ ಮುನಿಸಿನ ಕಥೆಯನ್ನು ಹೇಳುತ್ತಾರೆ. ನಮ್ಮ ಸಂಡೂರಿನ ಕುಮಾರಸ್ವಾಮಿಯ ಬೆಟ್ಟಕ್ಕೂ ಕ್ರೌಂಚಗಿರಿಯೆಂಬ ಹೆಸರುಂಟು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಭಾಗವು ಶಿವಪುರಾಣದಲ್ಲಿ ಶ್ರೀಶೈಲದ ಮಾಹಾತ್ಮ್ಯವಾಗಿ ಬರುತ್ತದೆ. ಮಗನ ಅಗಲಿಕೆಯನ್ನು ತಾಳಲಾರದೆ ಶಿವಪಾರ್ವತಿಯರು ತಾವೇ ಹೊರಟು ಕ್ರೌಂಚಕ್ಕೆ ಬಂದರು. ಅವರು ಬರುವುದನ್ನು ತಿಳಿದು ಕುಮಾರನು ಇನ್ನೂ ಮೂರು ಯೋಜನ ದೂರ ಸರಿದನು. ತಂದೆತಾಯಿಗಳು ಬೆನ್ನಟ್ಟಲಿಲ್ಲ, ಹಿಂದಿರುಗಲೂ ಇಲ್ಲ. ಅಲ್ಲಿಯೇ ಜ್ಯೋತಿರೂಪದಲ್ಲಿ ನಿಂತು ಮಲ್ಲಿಕಾರ್ಜುನನೆನಿಸಿದರು. ಅಮಾವಾಸ್ಯೆಗೊಮ್ಮೆ ತಂದೆ, ಹುಣ್ಣಿಮೆಗೊಮ್ಮೆ ತಾಯಿ ಮಗನಿದ್ದಲ್ಲಿಗೆ ಹೋಗುತ್ತಾರೆ. ಯುಗಾದಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವ ನಮ್ಮ ಕಡೆಯ ಸಹಸ್ರಾರು ಭಕ್ತರು ಕಾಣಹೋಗುವುದು, ಮುನಿದ ಮಗನಿಗಾಗಿ ಮನೆಬಿಟ್ಟು ಬಂದ ಈ ತಂದೆತಾಯಿಗಳನ್ನೇ.

ನಮ್ಮ ತಂಡದಲ್ಲಿ ವಿಜಯಪುರ ಜಿಲ್ಲೆಯ ವೃದ್ಧ ದಂಪತಿಗಳಿದ್ದರು. ಹೊಲ ಪಾಲಾಗುವಾಗ ಬಂದ ಮಾತಿನಿಂದ ಅವರ ಹಿರಿಯ ಮಗ ಪುಣೆಗೆ ಹೋಗಿ ಏಳು ವರ್ಷಗಳಾಗಿದ್ದವು. ಬರಬೇಕಾದವನು ಅವನು ಎಂಬುದು ತಂದೆಯ ನಿಲುವು. ಕಥೆ ಕೇಳಿದ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮಾಸಿಗೆ ಅಪ್ಪ ಹೋಗ್ತಾನಂದ್ರಿ, ಅಜ್ಜಾರ. ಮಗ ಮಾತಾಡ್ಯಾನೋ ಇಲ್ಲೋ?" ಎಂದು ಕೇಳಿದರು.

"ತಾಯಿ, ಆ ಮಾತು ಕಥೆಯಲ್ಲಿ ಬರುವುದಿಲ್ಲ. ಹೋಗುತ್ತಾರೆಂಬುದಷ್ಟೇ ಬರುತ್ತದೆ" ಎಂದೆವು. ಆಕೆಯ ಯಜಮಾನರು ಏನೂ ಹೇಳದೆ ಕೋಲನ್ನೂರಿ ಎದ್ದು ಮುಂದೆ ನಡೆದರು.

ಕೊನೆಗೆ ಎಂಬತ್ತರಷ್ಟು ಮೆಟ್ಟಿಲು. ಏರಿದರೆ ಬೆಟ್ಟದ ಚೂಪು ನೆತ್ತಿ. ಎತ್ತರ ಸುಮಾರು 3,050 ಮೀಟರು. ದೇವಾಲಯ ದೊಡ್ಡದಲ್ಲ. ಸುತ್ತಲೂ ಕಟ್ಟಿದ ನೂರಾರು ಗಂಟೆಗಳು, ಹರಕೆ ಹೊತ್ತವರು ತಂದು ಕಟ್ಟಿದವು. ಗಾಳಿ ಬೀಸಿದಾಗಲೆಲ್ಲ ಅವುಗಳ ನಾದ ಕಣಿವೆಗಿಳಿಯುತ್ತದೆ. ಕಾರ್ತಿಕ ಹುಣ್ಣಿಮೆಗೂ, ಜೂನ್ ತಿಂಗಳ ಕಲಶಯಾತ್ರೆಗೂ ಇಲ್ಲಿ ಹಳ್ಳಿಹಳ್ಳಿಗಳ ಜನ ನೆರೆಯುತ್ತಾರೆ. ಅಂದು ನಾವಲ್ಲದೆ ಬೇರೆ ನಾಲ್ಕಾರು ಮಂದಿ ಮಾತ್ರ ಇದ್ದರು. ಸೂರ್ಯೋದಯವಾಗುತ್ತಲೇ ಎದುರಿಗೆ 7,138 ಮೀಟರು ಎತ್ತರದ ಚೌಖಂಬಾ, ಅದರಾಚೆ ಈಚೆ ಸಾಲುಸಾಲು ಹಿಮಶಿಖರಗಳು ಮೊದಲು ಕೆಂಪಾಗಿ, ಬಳಿಕ ಹೊನ್ನಾಗಿ, ಕಡೆಗೆ ವಿಭೂತಿಯಂತೆ ಬೆಳ್ಳಗಾದವು. ಯಾರೊಬ್ಬರೂ ಮಾತನಾಡಲಿಲ್ಲ.

ತರುಣ ಇಂಜಿನಿಯರಿಗೆ ನಾವು ಉತ್ತರವನ್ನಿತ್ತದ್ದು ಅಲ್ಲಿ. ಗಣಪತಿಯ ನಿಲುವು ಸತ್ಯ. ಅಂಗೈಯಲ್ಲಿ ಲಿಂಗವುಳ್ಳವರು ನಾವು ಅವನ ಪಕ್ಷದವರೇ. ದೇವರನ್ನು ಕಾಣಲು ಎಲ್ಲಿಗೂ ಹೋಗಬೇಕಾಗಿಲ್ಲ. ಆದರೆ ನಡೆದವನು ಸೋತನೆಂದು ಶಿವನು ಅವನನ್ನು ಬಿಟ್ಟುಕೊಡಲಿಲ್ಲ, ತಾನೇ ನಡೆದುಬಂದನು. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದ ನಮಗೆ ಈ ಕಥೆಯ ಒಳಗುಟ್ಟು ತಿಳಿಯಬೇಕು. ಕಾಲು ಇಲ್ಲಿ ಹತ್ತಿದ್ದು ದೇವರು ಇಲ್ಲಿರುವನೆಂದಲ್ಲ. ಕುಳಿತಲ್ಲೇ ಗಟ್ಟಿಯಾದ ಮನಸ್ಸು ನಡೆಯುವುದನ್ನು ಮರೆಯದಿರಲೆಂದು.

ಇಳಿಯುವಾಗ ಆ ವೃದ್ಧರು ನಮ್ಮ ಪಕ್ಕಕ್ಕೆ ಬಂದು, "ನಮ್ಮ ಗಾಡಿ ಪುಣೆ ಮ್ಯಾಲೇ ಹೋಗ್ತೈತಲ್ರಿ?" ಎಂದು ಕೇಳಿದರು. ಹೌದೆಂದೆವು. ಮೂರು ದಿನಗಳ ಮೇಲೆ ಪುಣೆಯ ನಿಲ್ದಾಣದಲ್ಲಿ ದಂಪತಿಗಳಿಬ್ಬರೂ ತಮ್ಮ ಗಂಟನ್ನು ಇಳಿಸಿಕೊಂಡರು. ಬುರಾಂಶ್ ಹೂವಿನ ಶರಬತ್ತಿನ ಎರಡು ಸೀಸೆಗಳನ್ನು ಆ ತಾಯಿ ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು.

ಈ ಯಾತ್ರೆಗೆ ಹೊರಡುವ ಸದ್ಭಕ್ತರಿಗೆ ಕೆಲವು ಸೂಚನೆಗಳು. ಮಾರ್ಚ್ ಕಡೆಯಿಂದ ಜೂನ್ ಮಧ್ಯದವರೆಗೆ, ಮತ್ತೆ ಅಕ್ಟೋಬರ್, ನವೆಂಬರ್ ತಿಂಗಳುಗಳು ಪ್ರಶಸ್ತ. ಮಳೆಗಾಲದಲ್ಲಿ ಬೆಟ್ಟಗಳು ಕುಸಿಯುವುದರಿಂದ ಹೋಗಬಾರದು. ಚಳಿಗಾಲದಲ್ಲಿ ದಾರಿಯ ಮೇಲೆ ಹಿಮ ಬೀಳುತ್ತದೆ. ಉಣ್ಣೆಯ ಬಟ್ಟೆ, ಕೈದೀಪ, ಊರುಗೋಲು, ಸಾಕಷ್ಟು ನೀರು ಇರಲಿ. ಹೃದಯದ, ಉಸಿರಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು. ದಾರಿಯಲ್ಲಿ ಪ್ಲಾಸ್ಟಿಕ್ ಚೀಲ, ಬಾಟಲಿಗಳು ಬಿದ್ದಿರುವುದನ್ನು ಕಂಡು ನಮಗೆ ನೋವಾಯಿತು. ಒಯ್ದದ್ದನ್ನು ಮರಳಿ ತರುವುದು ಈ ಬೆಟ್ಟದ ಮೊದಲ ಪೂಜೆ. ಗಂಟೆ ಕಟ್ಟದಿದ್ದರೂ ಚಿಂತೆಯಿಲ್ಲ, ಬಾಂಜ್ ಮರದ ಒಂದು ಟೊಂಗೆಯನ್ನೂ ಮುರಿಯಬಾರದು. ಕಾಡೇ ಅಲ್ಲಿಯ ಪ್ರಾಕಾರ. ಅದಿರುವತನಕ ಕೆಳಗಿನ ಊರುಗಳ ಕೊಡ ತುಂಬುತ್ತದೆ.

ಮೊಣಕಾಲಿನಲ್ಲಿ ಕಸುವು ಇರುವಾಗಲೇ ಒಮ್ಮೆ ಹೋಗಿಬನ್ನಿರಿ. ಮನೆಯಲ್ಲಿ ಯಾರಾದರೂ ಮುನಿದು ದೂರವಾಗಿದ್ದರೆ ಮೊದಲು ಅವರಲ್ಲಿಗೆ ಹೋಗಿಬನ್ನಿರಿ. ಅದು ಕ್ರೌಂಚಕ್ಕಿಂತ ಹತ್ತಿರದ ದಾರಿ, ಆದರೆ ಏರು ಹೆಚ್ಚು. ಆ ಏರನ್ನು ಹತ್ತುವ ಶಕ್ತಿಯನ್ನು ಶಿವನು ಎಲ್ಲರಿಗೂ ಕರುಣಿಸಲಿ.