ಹುತ್ತರಿಯಿಂದ ಹೂಮಳೆಯವರೆಗೆ

ಕೊಡಗು ಎಂದೊಡನೆ ಪೇಟೆಯವರಾದ ನಮ್ಮ ಕಣ್ಣಿಗೆ ಕಟ್ಟುವುದು ತಲಕಾವೇರಿ, ಅಬ್ಬಿ ಜಲಪಾತ, ರಾಜಾಸೀಟಿನ ಸೂರ್ಯಾಸ್ತ. ಎರಡು ದಿನ ಸುತ್ತಾಡಿ, ಒಂದು ಸೀಸೆ ಜೇನನ್ನೂ ಒಂದು ಪೊಟ್ಟಣ ಕಾಫಿಪುಡಿಯನ್ನೂ ಕೊಂಡು ಮರಳಿದರೆ ಕೊಡಗನ್ನು ಕಂಡಂತೆಯೇ ಎಂದು ಹಲವರ ಎಣಿಕೆ. ಆದರೆ ಒಂದು ನಾಡನ್ನು ಅರಿಯಬೇಕಾದರೆ ಅಲ್ಲಿನ ಮಕ್ಕಳೊಡನೆ ಒಂದೆರಡು ಋತುಗಳನ್ನಾದರೂ ಕಳೆಯಬೇಕು. ಯಾವ ಹಣ್ಣು ಎಂದು ಮಾಗುತ್ತದೆ, ಯಾವ ಮೋಡಕ್ಕೆ ಹಿರಿಯರ ಮುಖ ಬಾಡುತ್ತದೆ, ಯಾವುದಕ್ಕೆ ಅರಳುತ್ತದೆ ಎಂಬುದನ್ನು ಮಕ್ಕಳಷ್ಟು ನಿಚ್ಚಳವಾಗಿ ಬಲ್ಲವರಿಲ್ಲ.

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ಅಂಕುಡೊಂಕು ದಾರಿಯಲ್ಲಿ ಮಕ್ಕಂದೂರು, ಹಟ್ಟಿಹೊಳೆಗಳನ್ನು ದಾಟಿದರೆ ಮಾದಾಪುರ. ಚಿಕ್ಕ ಪೇಟೆ, ಸುತ್ತಲೂ ಕಾಫಿತೋಟಗಳನ್ನು ಹೊದ್ದ ಗುಡ್ಡಗಳು, ಅವುಗಳ ನಡುವಣ ತಗ್ಗುಗಳಲ್ಲಿ ಅಷ್ಟಿಷ್ಟು ಗದ್ದೆ. ಈ ಕಡೆಯ ನೀರೆಲ್ಲ ಹಾರಂಗಿಗೆ ಹರಿಯುತ್ತದೆ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಕನ್ನಡ, ಅರೆಭಾಷೆ, ಕೊಡವ ತಕ್ಕ್, ಮಲಯಾಳಗಳು ಒಂದರ ಬೆನ್ನಿಗೊಂದು ಕಿವಿಗೆ ಬೀಳುತ್ತವೆ. ನಮ್ಮ ಮೂರು ವರ್ಷದ ಮಗ ಎರಡೇ ವಾರಗಳಲ್ಲಿ ಇವೆಲ್ಲವನ್ನೂ ಬೆರೆಸಿ ತನ್ನದೇ ಒಂದು ಭಾಷೆಯನ್ನು ಕಟ್ಟಿಕೊಂಡ. ಅದು ನಮ್ಮನ್ನುಳಿದು ಎಲ್ಲರಿಗೂ ಅರ್ಥವಾಗುತ್ತಿತ್ತು.

ನಾವು ಅಲ್ಲಿದ್ದುದು 2020ರ ನವೆಂಬರಿನಿಂದ 2021ರ ಯುಗಾದಿಯವರೆಗೆ. ಸಾಂಕ್ರಾಮಿಕದ ದೆಸೆಯಿಂದ ಚಿಕ್ಕ ಮಕ್ಕಳ ಶಾಲೆಗಳೆಲ್ಲ ಮುಚ್ಚಿದ್ದ ವರ್ಷ ಅದು. ಊರ ಹೊರಗಿನ ಬಂಧುಗಳು ಬರಹೇಳಿದರು; ಎಂಟು ವರ್ಷದ ಮಗಳನ್ನೂ ಚಿಕ್ಕವನನ್ನೂ ಕಟ್ಟಿಕೊಂಡು ಹೊರಟೆವು. ಆ ಮನೆಯಲ್ಲಿ ಆರು ವರ್ಷದ ಮೊಮ್ಮಗನೊಬ್ಬನಿದ್ದ. ಬಲು ಚುರುಕು, ಮರ ಹತ್ತುವುದರಲ್ಲಿ ನಿಸ್ಸೀಮ. ಒಂದೇ ಒಂದು ವಿಚಿತ್ರವೆಂದರೆ, ಮಳೆಯ ಸದ್ದು ಕೇಳಿದೊಡನೆ ಅವನು ಎಲ್ಲಿದ್ದರೂ ಎದ್ದು ಹೋಗಿ ಬೂಟು ಹಾಕಿಕೊಂಡು ಬಾಗಿಲ ಬಳಿ ಕುಳಿತುಬಿಡುತ್ತಿದ್ದ.

ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಿನ ಗುಡ್ಡಗಳು ಬಿರುಕುಬಿಟ್ಟು ಕುಸಿದವು; ತೋಟಗಳು ಮರಗಳ ಸಮೇತ ಜಾರಿ ಹೊಳೆಗೆ ಬಿದ್ದವು; ಮಡಿಕೇರಿ ರಸ್ತೆಯೇ ಅಲ್ಲಲ್ಲಿ ಇಲ್ಲವಾಯಿತು. ಮನೆ ಕಳೆದುಕೊಂಡವರಿಗಾಗಿ ಸಮೀಪದ ಜಂಬೂರಿನಲ್ಲಿ ಸಾಲುಮನೆಗಳು ಎದ್ದು, 2020ರಲ್ಲಿ ಸಂಸಾರಗಳು ಅಲ್ಲಿಗೆ ಬಂದು ನೆಲಸಿದವು. ನಮ್ಮ ಬಂಧುಗಳ ಮನೆ ಉಳಿದಿತ್ತು. ಆದರೆ ಅಂದು ರಾತ್ರಿ ಅವರೂ ಮನೆ ಬಿಟ್ಟು ಕೆಸರಿನಲ್ಲಿ ನಡೆದುಹೋಗಿದ್ದರು. ಆಗ ಹುಡುಗನಿಗೆ ನಾಲ್ಕು ತುಂಬಿರಲಿಲ್ಲ. ಬರಿಗಾಲಿನಲ್ಲಿದ್ದ ಅವನನ್ನು ಹೆಗಲ ಮೇಲೆ ಹೊತ್ತಿದ್ದರಂತೆ. ಅದನ್ನು ಅವನು ಹಾಗೆ ನೆನಪಿಟ್ಟುಕೊಂಡಿದ್ದ.

ನಾವು ಬಂದು ಇನ್ನೂ ಹೊಸತಿರುವಾಗಲೇ ಹುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇಗುಲದಲ್ಲಿ ಮುಹೂರ್ತ ಗೊತ್ತಾದ ಮೇಲೆ ನಾಡಿನ ಮನೆಮನೆಯಲ್ಲೂ ಸಡಗರ. ಬೆಳದಿಂಗಳಲ್ಲಿ ದೀಪ ಹಿಡಿದು ಗದ್ದೆಗಿಳಿದು, ಕೋವಿ ಹಾರಿಸಿ, ಹೊಸ ಕದಿರನ್ನು ಕೊಯ್ಯುತ್ತಾರೆ. "ಪೊಲಿ, ಪೊಲಿ" ಎಂಬ ಕೂಗು ಗದ್ದೆಯಿಂದ ಗದ್ದೆಗೆ ಹಬ್ಬುತ್ತದೆ. ಹೆಚ್ಚಲಿ, ಸಮೃದ್ಧಿಯಾಗಲಿ ಎಂದು ಅದರ ಭಾವ. ಗದ್ದೆ ಬಿಟ್ಟು ತೋಟ ಮಾಡಿದವರು ಈಗ ಬಹಳ. ಕದಿರಿಗೆ ನೆರೆಯವರ ಗದ್ದೆಯನ್ನು ಆಶ್ರಯಿಸುವುದೂ ಉಂಟು. ಆದರೂ ಕದಿರು ಮನೆಗೆ ಬಾರದೆ ಹಬ್ಬವಿಲ್ಲ. ತಂಬಿಟ್ಟು, ಹುತ್ತರಿ ಗೆಣಸು, ಹೊಸ ಅಕ್ಕಿಯ ಪಾಯಸ ಮುಗಿಸಿ ಮಲಗುವಾಗ ನಮ್ಮ ಮಗಳು ಕೇಳಿದ ಪ್ರಶ್ನೆ: "ಅಕ್ಕಿಗೂ ಹುಟ್ಟುಹಬ್ಬವೆ?"

ಹುತ್ತರಿ ಕಳೆದರೆ ಚಳಿ. ಬೆಳಗಿನ ಒಂಬತ್ತಾದರೂ ಮಂಜು ಅಂಗಳವನ್ನು ಬಿಡದು. ಹಂಡೆಯೊಲೆಯ ಮುಂದೆ ಮೂವರು ಮಕ್ಕಳೂ ಬೆಕ್ಕಿನೊಡನೆ ಸಾಲಾಗಿ ಕುಳಿತು ಅಕ್ಕಿರೊಟ್ಟಿಗೆ ಜೇನು ಸವರಿ ತಿನ್ನುವುದೇ ದಿನದ ಮೊದಲ ಪಾಠ. ಬಿಸಿಲು ಬಂದಮೇಲೆ ಕಿತ್ತಳೆ. ರೋಗಗಳ ಹಾವಳಿಯಿಂದ ಕೊಡಗಿನ ಕಿತ್ತಳೆ ತೋಟಗಳು ಬಹುಮಟ್ಟಿಗೆ ಸೊರಗಿಹೋಗಿವೆ. ಆದರೂ ಹಿತ್ತಿಲಲ್ಲಿ ಉಳಿದಿದ್ದ ಎರಡು ಮರಗಳ ಸಡಿಲ ಸಿಪ್ಪೆಯ ಹಣ್ಣಿನ ಪರಿಮಳ ಮಕ್ಕಳ ಬೆರಳುಗಳಿಂದ ಮಲಗುವವರೆಗೂ ಹೋಗುತ್ತಿರಲಿಲ್ಲ. ಕತ್ತಲಾಗುವ ಮುನ್ನ ಎಲ್ಲರೂ ಒಳಗೆ ಸೇರಬೇಕೆಂಬುದು ಮನೆಯ ಶಾಸನ. ಈಚಿನ ವರ್ಷಗಳಲ್ಲಿ ಕೊಡಗಿನ ತೋಟಗಳಲ್ಲಿ ಕಾಡಾನೆಗಳ ಸಂಚಾರ ಹೆಚ್ಚಿದೆ.

ಅರೇಬಿಕ ಕಾಫಿಯ ಕೊಯ್ಲು ಮುಗಿಯುತ್ತ ಬಂದಂತೆ ರೊಬಸ್ಟದ್ದು ಮೊದಲಾಗುತ್ತದೆ. ಮಾಗಿದ ಹಣ್ಣಿನ ತಿರುಳು ಸಿಹಿ ಎಂಬುದನ್ನು ಕಂಡುಕೊಳ್ಳಲು ನಮ್ಮ ಚಿಕ್ಕವನಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಕೊಯ್ಲಿಗೆ ದೂರದ ಅಸ್ಸಾಮಿನಿಂದಲೂ ಸಂಸಾರಗಳು ಬರುತ್ತವೆ. ಆ ವರ್ಷ ಅಂಗನವಾಡಿಗಳೂ ಮುಚ್ಚಿದ್ದುದರಿಂದ ಅವರ ಮಕ್ಕಳು ತಾಯಂದಿರ ಬೆನ್ನುಹತ್ತಿ ತೋಟಕ್ಕೇ ಬರುತ್ತಿದ್ದರು. ಎರಡು ಸಿಲ್ವರ್ ಓಕ್ ಮರಗಳ ನಡುವೆ ಸೀರೆಯ ಜೋಲಿ. ಅದನ್ನು ತೂಗಲು ಐದು ವರ್ಷದ ಅಕ್ಕ. ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಹತ್ತೆಂಟು ಆಳುಗಳ ಸಣ್ಣ ಹಿಡುವಳಿಗಳಿಗೆ ಆ ನಿಯಮ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಅಜ್ಜಿ ಕಣದ ಬದಿಯ ಜಗಲಿಯನ್ನು ಗುಡಿಸಿ, ಚಾಪೆ ಹಾಸಿ, ಆ ಮಕ್ಕಳನ್ನೆಲ್ಲ ಅಲ್ಲಿ ಕೂಡಿಸಿದರು. ನಮ್ಮ ಮಗಳು ಅವರಿಗೆ ಮೇಷ್ಟರಾದಳು. ಮಧ್ಯಾಹ್ನಕ್ಕೆ ಒಂದು ಪಾತ್ರೆ ಗಂಜಿ ಹೆಚ್ಚಿಗೆ ಬೇಯುತ್ತಿತ್ತು.

ಕಣದ ಕೆಲಸ ಮಕ್ಕಳ ಆಟದಷ್ಟೇ ಬೇಸರವಿಲ್ಲದ್ದು. ಕೆಂಪು ಹಣ್ಣನ್ನು ತೆಳುವಾಗಿ ಹರಡಬೇಕು, ದಿನಕ್ಕೆ ಹಲವು ಸಲ ಕೈಯಾಡಿಸಬೇಕು, ಇಬ್ಬನಿ ಬೀಳುವ ಮುನ್ನ ಗುಡ್ಡೆಹಾಕಿ ಮುಚ್ಚಬೇಕು. ಎರಡು ವಾರದ ಬಿಸಿಲು ಕಂಡರೆ ಹಣ್ಣು ಕಪ್ಪಾಗಿ, ಅಲುಗಿಸಿದರೆ ಗಿಲಿಗಿಲಿ ಎನ್ನುತ್ತದೆ. ಇಂಥ ಹೊತ್ತಿನಲ್ಲಿ, 2021ರ ಜನವರಿಯ ಮೊದಲಲ್ಲಿ, ಯಾರೂ ಕರೆಯದ ಮಳೆ ಬಂತು. ಗಿಡದಲ್ಲಿದ್ದ ಹಣ್ಣು ಉದುರಿತು. ಕಣದಲ್ಲಿದ್ದುದು ಮುಗ್ಗುವ ಭಯ. ಮನೆಯವರೆಲ್ಲ ಟಾರ್ಪಾಲು ಹಿಡಿದು ಓಡಿದರು. ಹುಡುಗ ಎಂದಿನಂತೆ ಬೂಟು ಹಾಕಿ ಬಾಗಿಲಲ್ಲಿ ಕುಳಿತ. ಅವನ ತಾತ ಅವನನ್ನು ಸಮಾಧಾನಪಡಿಸಲಿಲ್ಲ. "ಬೂಟು ಹಾಕಿದವನು ನೀನೊಬ್ಬನೇ, ಬಾ, ಈ ತುದಿ ಹಿಡಿ" ಎಂದರು. ಅವನು ಅಳುತ್ತಲೇ ಬಂದು ತುದಿ ಹಿಡಿದ.

ಮರುದಿನ ತಾತ ಅವನಿಗೊಂದು ಅಧಿಕಾರವನ್ನು ವಹಿಸಿಕೊಟ್ಟರು. ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಮಾಪಕವೊಂದು ಅಂಗಳದಲ್ಲಿರುವುದು ರೂಢಿ. ದಿನವೂ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಪುಸ್ತಕದಲ್ಲಿ ಬರೆದಿಡುತ್ತಾರೆ. ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ಆ ಮನೆಯ ಪುಸ್ತಕಗಳು ಹಲವು ದಶಕಗಳವು. 2018ರ ಆಗಸ್ಟಿನ ಪುಟವನ್ನು ನಾನೂ ನೋಡಿದೆ. ಅಂಕಿಗಳು ದಿನದಿನಕ್ಕೂ ಏರಿ, ಆಮೇಲೆ ಸಾಲುಗಳು ಖಾಲಿಯಾಗಿದ್ದವು. ಅಳೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ಅದೇ ಪುಸ್ತಕದ ಹೊಸ ಪುಟದಲ್ಲಿ ಆ ಜನವರಿಯ ಮಳೆಯನ್ನು ಹುಡುಗ ತನ್ನ ಡೊಂಕು ಅಕ್ಷರಗಳಲ್ಲಿ ಬರೆದ.

ಆಮೇಲೆ ಕೊಯ್ಲು ತೀರಿ ಬಿಸಿಲು ಬಲಿಯಿತು. ಜನವರಿಯಲ್ಲಿ ಮಳೆಯನ್ನು ಶಪಿಸಿದವರೇ ಈಗ ಮುಗಿಲಿನತ್ತ ಕಣ್ಣುನೆಟ್ಟು ಕುಳಿತರು. ಬೇಸಗೆಯ ಬಾಯಾರಿಕೆಯಲ್ಲಿ ಮುದುಡಿಕೊಂಡಿರುವ ಕಾಫಿಮೊಗ್ಗುಗಳು ಎಚ್ಚರಗೊಳ್ಳಲು ಸುಮಾರು ಒಂದು ಇಂಚು ಮಳೆ ಬೇಕು. ಅದೇ ಹೂಮಳೆ. ಕಡಮೆಯಾದರೆ ಮೊಗ್ಗು ಅರ್ಧಕ್ಕೇ ಕಮರುತ್ತದೆ. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ನೀರಿನ ಅನುಕೂಲವಿದ್ದವರು ಪಂಪು ಹೂಡಿ ತುಂತುರು ಹಾರಿಸುತ್ತಾರೆ. ಇಲ್ಲದವರಿಗೆ ಆಕಾಶವೇ ಗತಿ. ನಮ್ಮ ಚಿಕ್ಕವನೂ ದಿನಕ್ಕೊಮ್ಮೆ ಅಂಗಳದಲ್ಲಿ ನಿಂತು ಮೋಡಗಳನ್ನು ಗದರಿಸುತ್ತಿದ್ದ.

ಕೊನೆಗೊಂದು ಸಂಜೆ ಗುಡುಗು ಮೊಳಗಿತು. ಹೆಂಚಿನ ಮೇಲೆ ಮಳೆ ಬಡಿಯಿತು. ಹುಡುಗ ಎದ್ದು ಬೂಟು ಹಾಕಿಕೊಂಡ. ಈ ಸಲ ಬಾಗಿಲಲ್ಲಿ ಕೂರದೆ ಜಗಲಿಯ ಮೆಟ್ಟಿಲವರೆಗೆ ಹೋಗಿ, ಮಾಪಕದ ಕಡೆಗೆ ನೋಡುತ್ತ ನಿಂತ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅಳೆದು, "118 ಸೆಂಟು!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದ. ತಾತ ಎರಡು ಸಲ ಕೇಳಿಸಿಕೊಂಡರು.

ಒಂಬತ್ತನೆಯ ಬೆಳಿಗ್ಗೆ ಕಿಟಕಿ ತೆರೆದಾಗ ಗುಡ್ಡವೆಲ್ಲ ಬೆಳ್ಳಗಿತ್ತು. ಒಂದೊಂದು ರೆಂಬೆಗೂ ಹೂವಿನ ದಂಡೆ; ಮಲ್ಲಿಗೆಯನ್ನು ಹೋಲುವ, ಆದರೆ ಅದಕ್ಕಿಂತ ಮೆಲುವಾದ ಪರಿಮಳ; ತೋಟದ ತುಂಬ ಜೇನಿನ ಝೇಂಕಾರ. ರೊಬಸ್ಟ ತನ್ನ ಹೂವಿನ ಪರಾಗದಿಂದಲೇ ತಾನು ಕಾಯಿ ಕಟ್ಟಲಾರದು. ಗಾಳಿಯೂ ಜೇನೂ ಗಿಡದಿಂದ ಗಿಡಕ್ಕೆ ಪರಾಗವನ್ನು ಒಯ್ಯಬೇಕು. ಆದ್ದರಿಂದ ಹೂವಿರುವ ದಿನಗಳಲ್ಲಿ ಗಿಡಗಳನ್ನು ಯಾರೂ ಅಲುಗಿಸುವಂತಿಲ್ಲ. ದಾರಿಯಂಚಿನಲ್ಲೇ ಮೂವರು ಮಕ್ಕಳೂ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ನಡೆದಂತೆ ನಡೆದರು. ಮೂರು ನಾಲ್ಕು ದಿನಗಳಲ್ಲಿ ಬೆಳ್ಳನೆಯ ಹೂವು ಕಂದಿ ಗುಡ್ಡ ಮತ್ತೆ ಹಸುರಾಯಿತು.

ಮಾದಾಪುರದವರು ಮಳೆಯನ್ನು ಕ್ಷಮಿಸಿದ್ದಾರೆಯೇ ಎಂದು ಕೇಳುವುದು ಸಲ್ಲದು. ಮಳೆಯೊಡನೆ ಜಗಳವಾಡಿ ಅಲ್ಲಿ ಬದುಕಲಾಗದು. ಅದನ್ನು ನಂಬಿ ಮೈಮರೆತೂ ಬದುಕಲಾಗದು. ಅಳೆಯುತ್ತ, ಬರೆಯುತ್ತ, ಎಚ್ಚರದಿಂದಿರುವುದೇ ಅವರು ಕಂಡುಕೊಂಡಿರುವ ದಾರಿ. ಮಕ್ಕಳಿಗೆ ಬಿಟ್ಟುಕೊಡುತ್ತಿರುವ ಆಸ್ತಿಯೂ ಅದೇ. ನಾವು ಬೆಂಗಳೂರಿಗೆ ಮರಳಿದ ಮೇಲೆ, ಜೂನಿನಲ್ಲಿ ಮುಂಗಾರು ಹಿಡಿದಾಗ, ನಮ್ಮ ಮಗಳು ದೂರವಾಣಿಯಲ್ಲಿ ಅವನನ್ನು "ಹೆದರಿಕೆಯೇನೋ?" ಎಂದು ಕೇಳಿದಳು. ಆ ಕಡೆಯಿಂದ ಬಂದ ಉತ್ತರ: "ಸ್ವಲ್ಪ. ನಿನ್ನೆ 240 ಸೆಂಟು."